ಸರ್ವರ್ ಹೇಳಿತ್ತು, ಪುಟ ನುಂಗಿತು

ವಾಡಿಯಿಂದ ಚಿತ್ತಾಪುರದ ದಾರಿ ಹಿಡಿದರೆ ಸಿಗುವ ರಾವೂರ, ಕಲ್ಲಿನ ಸೀಮೆಯ ಊರು. ನಾಡೆಲ್ಲ ‘ಶಹಾಬಾದ ಕಲ್ಲು’ ಎಂದು ಕರೆಯುವ ಫರಸಿ ಈ ಭಾಗದ ನೆಲದಡಿ ಪದರ ಪದರವಾಗಿ ಕೂತಿದೆ. ಅದನ್ನು ಎಬ್ಬಿಸುವುದು, ಸೀಳುವುದು, ಪಾಲಿಶ್ ಮಾಡುವುದು ಸುತ್ತಲಿನ ಎಷ್ಟೋ ಮನೆಗಳ ಹೊಟ್ಟೆಪಾಡು. ಅದೇ ಸುಣ್ಣದಕಲ್ಲು ವಾಡಿ, ಸೇಡಂ, ಮಳಖೇಡಗಳ ಕಾರ್ಖಾನೆಗಳಲ್ಲಿ ಸಿಮೆಂಟ್ ಆಗುತ್ತದೆ. ವರ್ಷಗಟ್ಟಲೆ ಕಲ್ಲು, ಸಿಮೆಂಟು ಹಿಡಿದ ಕೈಗಳಲ್ಲಿ ಬೆರಳ ತುದಿಯ ಗೆರೆಗಳು ಸವೆದು ಹೋಗಿರುತ್ತವೆ. ಆ ಬೆರಳನ್ನೇ ಈಗ ಎಲ್ಲದಕ್ಕೂ ಕೇಳುತ್ತಾರೆ: ರೇಷನ್ನಿಗೆ, ಇ–ಕೆವೈಸಿಗೆ, ಬ್ಯಾಂಕ್ ಮಿತ್ರನ ಹತ್ತಿರ ಪಿಂಚಣಿ ಬಿಡಿಸಿಕೊಳ್ಳುವುದಕ್ಕೆ.

ಬೆರಳಿಟ್ಟವರಿಗೆ ಬರುವ ಉತ್ತರ ಎರಡೇ. ಆಯ್ತು ಅನ್ನುವುದು ಒಂದು. ಇನ್ನೊಂದು, ಇಡೀ ಕಲಬುರಗಿ ಜಿಲ್ಲೆಗೆ ಬಾಯಿಪಾಠವಾಗಿರುವ ಮಾತು: “ಸರ್ವರ್ ಇಲ್ರಿ ಅಕ್ಕಾ, ನಾಳಿಗಿ ಬರ್ರಿ.” ಒಂದು ದಿನದ ಪಗಾರ ಬಿಟ್ಟು ಬಂದ ಹೆಂಗಸು “ಎಷ್ಟ್ ಸಲ ಬರಬೇಕೋ ತಮ್ಮಾ?” ಎಂದರೆ ಕಂಪ್ಯೂಟರ್ ಮುಂದೆ ಕೂತ ಹುಡುಗ ಏನು ಹೇಳಿಯಾನು? ಅವನ ಪರದೆ ಮೇಲೂ ಇರುವುದು ಒಂದು ಕೆಂಪು ಪಟ್ಟಿ, ಅದರೊಳಗೆ ‘ಸಮ್‌ಥಿಂಗ್ ವೆಂಟ್ ರಾಂಗ್’ ಎಂಬ ಮೂರು ಇಂಗ್ಲಿಷ್ ಪದ. ಏನು ಕೆಟ್ಟಿತು, ಯಾರ ಕಡೆ ಕೆಟ್ಟಿತು, ನಾಳೆ ಸರಿಯಾದೀತೇ ಎಂಬುದು ಆ ಪಟ್ಟಿಯಲ್ಲಿ ಇರುವುದಿಲ್ಲ.

ಸಿಟ್ಟು ಬರುವುದು ಇಲ್ಲಿ. ಬಹಳ ಸಲ ಸರ್ವರ್ ಇರುತ್ತದೆ. ಕೇಳಿದ್ದನ್ನು ಕೇಳಿಸಿಕೊಂಡು, ಆಗುವುದಿಲ್ಲ ಎಂದು ಕಾರಣ ಸಮೇತ ಉತ್ತರವನ್ನೂ ಕಳಿಸಿರುತ್ತದೆ. ಆ ಉತ್ತರವನ್ನು ಬಳಸುವವರ ಕಣ್ಣಿಗೆ ಮುಟ್ಟಿಸಬೇಕಾದ ಪುಟವೇ ಅದನ್ನು ನುಂಗಿಬಿಡುತ್ತದೆ.

300, 330, 811

ಆಧಾರ್ ನಡೆಸುವ ಯುಐಡಿಎಐ, ದೃಢೀಕರಣ ಆಗದಿದ್ದಾಗ ಬರೀ ಇಲ್ಲ ಎಂದು ಸುಮ್ಮನಾಗುವುದಿಲ್ಲ. ಒಂದೊಂದು ಕಾರಣಕ್ಕೂ ಒಂದೊಂದು ಸಂಖ್ಯೆ ಕೊಟ್ಟು ಕಳಿಸುತ್ತದೆ. 300 ಬಂದರೆ ಬೆರಳಚ್ಚು ತಾಳೆಯಾಗಲಿಲ್ಲ ಎಂದು ಅರ್ಥ. 330 ಬಂದರೆ ಆಧಾರ್‌ದಾರರು ತಮ್ಮ ಬಯೊಮೆಟ್ರಿಕ್‌ಗೆ ತಾವೇ ಬೀಗ ಹಾಕಿಕೊಂಡಿದ್ದಾರೆ. 811 ಬಂದರೆ ಆ ಆಧಾರ್ ಸಂಖ್ಯೆಯ ಬಯೊಮೆಟ್ರಿಕ್ ಮಾಹಿತಿ ಕೇಂದ್ರ ದಾಖಲೆಯಲ್ಲಿ ಇಲ್ಲವೇ ಇಲ್ಲ. 998 ಬಂದರೆ ಆಧಾರ್ ಸಂಖ್ಯೆಯೇ ತಪ್ಪಿದೆ ಅಥವಾ ಲಭ್ಯವಿಲ್ಲ. ಹೆಸರು, ಹುಟ್ಟಿದ ದಿನದಂಥ ವಿವರ ಹೊಂದದಿದ್ದರೆ 100.

ಈ ಐದೂ ಕಾಯಿಲೆಗೆ ಮದ್ದು ಬೇರೆ ಬೇರೆ. 300 ಬಂದ ಕಲ್ಲಿನ ಕೆಲಸದವರು ಕೈ ತೊಳೆದು ಒರೆಸಿಕೊಂಡು ಬೇರೆ ಬೆರಳು ಇಟ್ಟು ನೋಡಬಹುದು. ಹತ್ತು ಬೆರಳಲ್ಲಿ ಯಾವುದನ್ನು ಯಂತ್ರ ಚೆನ್ನಾಗಿ ಓದುತ್ತದೆ ಎಂದು ಪತ್ತೆ ಹಚ್ಚುವ ‘ಬೆಸ್ಟ್ ಫಿಂಗರ್ ಡಿಟೆಕ್ಷನ್’ ಎಂಬ ವ್ಯವಸ್ಥೆಯನ್ನೇ ಯುಐಡಿಎಐ ರೂಪಿಸಿದೆ. ಅದೂ ಆಗದಿದ್ದರೆ ಕಣ್ಣಿನ ಪಾಪೆ ಇದೆ, ಮುಖ ಇದೆ, ಮೊಬೈಲಿಗೆ ಬರುವ ಒಟಿಪಿ ಇದೆ. 330 ಬಂದವರು ಅಲ್ಲೇ ನಿಂತು ಫೋನಿನಲ್ಲಿ ಬೀಗ ತೆಗೆದರೆ ಕೆಲಸ ಮುಗಿಯಿತು. ಆದರೆ 811 ಬಂದವರಿಗೆ ನಾಳೆ ಬನ್ನಿ ಎಂದರೆ ಅದು ಶುದ್ಧ ಅನ್ಯಾಯ. ಅವರು ನಾಳೆ ಬಂದರೂ ಆಗದು, ಬರುವ ವರ್ಷ ಬಂದರೂ ಆಗದು. ಆಧಾರ್ ಕೇಂದ್ರಕ್ಕೆ ಹೋಗಿ ಬೆರಳು, ಕಣ್ಣು ಮತ್ತೆ ಕೊಟ್ಟು ಬರುವ ತನಕ ಅವರ ಗಾಡಿ ಮುಂದೆ ಹೋಗುವುದಿಲ್ಲ.

ಇನ್ನೂ ಸೋಜಿಗದ ಸಂಗತಿಯೆಂದರೆ, ಈ ಕೋಡುಗಳ ಪಟ್ಟಿಯಲ್ಲಿ ಹಲವುಗಳ ಎದುರಿಗೆ ‘ಬಳಕೆದಾರರಿಗೆ ಹೀಗೆ ಹೇಳಿ’ ಎಂಬ ಸಲಹೆಯೂ ಬರೆದಿದೆ. ಅಂದರೆ ಮೂಲದಲ್ಲಿ ಕೂತವರು ಯೋಚನೆ ಮಾಡಿದ್ದಾರೆ. ನಡುವಿನಲ್ಲಿ ಪುಟ ಕಟ್ಟಿದವರು, ಆ್ಯಪ್ ಮಾಡಿದವರು ಐದನ್ನೂ ಒಂದೇ ಗೋಣಿಚೀಲಕ್ಕೆ ತುಂಬಿದ್ದಾರೆ. ಹೆಬ್ಬಟ್ಟು ತಾಳೆಯಾಗಲಿಲ್ಲವೆಂಬ ಕಾರಣಕ್ಕೆ ರೇಷನ್ ತಪ್ಪಿಸಬಾರದೆಂದು ಕೇಂದ್ರದ ಆಹಾರ ಇಲಾಖೆ 2017ರ ಅಕ್ಟೋಬರ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು. ಆದರೆ ಹೆಬ್ಬಟ್ಟು ತಾಳೆಯಾಗದ್ದೇ ಕಾರಣವೆಂದು ಗೊತ್ತಾದರೆ ತಾನೇ ಆ ಹಕ್ಕನ್ನು ಕೇಳುವುದು?

ಪುಟ ನುಂಗುವ ಬಗೆ

ವೆಬ್‌ನ ಸರ್ವರುಗಳಿಗೂ ಇಂಥದೇ ಸಂಖ್ಯೆಗಳ ಭಾಷೆಯಿದೆ. 404 ಎಲ್ಲರಿಗೂ ಗೊತ್ತು. 400ರಿಂದ ಶುರುವಾಗುವವು ಕಳಿಸಿದ ಕಡೆಯ ದೋಷ, 500ರಿಂದ ಶುರುವಾಗುವವು ಸರ್ವರ್ ಕಡೆಯ ದೋಷ. ಒಳಹೊಕ್ಕರೆ ಇನ್ನೂ ಬಿಡಿಸಿ ಹೇಳುತ್ತವೆ. ಅರ್ಜಿ ತಲುಪಿತು, ಬರೆದದ್ದು ಸರಿಯಿಲ್ಲ ಎಂದರೆ 422. ಇರುವ ದಾಖಲೆಗೂ ಇದಕ್ಕೂ ತಾಕಲಾಟ, ಉದಾಹರಣೆಗೆ ಈ ಮೊದಲೇ ಅರ್ಜಿ ಹಾಕಿದ್ದೀರಿ, ಎಂದರೆ 409. ಒಂದೇ ಸಮನೆ ಕೇಳುತ್ತಿದ್ದೀರಿ, ನಿಲ್ಲಿ ಎಂದರೆ 429. ಸದ್ಯಕ್ಕೆ ಆಗದು ಎಂದರೆ 503; ಅದರ ಜೊತೆಗೆ ಎಷ್ಟು ಹೊತ್ತು ಬಿಟ್ಟು ಬರಬೇಕೆಂಬ ಲೆಕ್ಕವನ್ನೂ ಕಳಿಸಲು ಅವಕಾಶವಿದೆ. ಯುಐಡಿಎಐ ಪಟ್ಟಿಯಲ್ಲೂ ಒಂದು 500 ಇದೆ, ಗೂಢಲಿಪಿಯ ಕೀಲಿಗೆ ಸಂಬಂಧಿಸಿದ್ದು. ವೆಬ್‌ನ 500 ಎಂದರೆ ಸರ್ವರ್ ಒಳಗೇ ಏನೋ ಮುರಿದಿದೆ. ಪರದೆ ಮೇಲೆ ಬರೀ ‘ಎರರ್ 500’ ಎಂದು ಬಂದರೆ ಯಾವ 500 ಎಂದು ಬಲ್ಲವರಿಗೂ ಗೊತ್ತಾಗದು.

ಬರೀ ಸಂಖ್ಯೆ ಸಾಲದೆಂದು ತಿಳಿದವರು ಅದಕ್ಕೂ ಒಂದು ಪದ್ಧತಿ ಮಾಡಿದ್ದಾರೆ. ಅಂತರ್ಜಾಲದ ನಿಯಮ ರೂಪಿಸುವ ಐಇಟಿಎಫ್ 2016ರಲ್ಲಿ ಆರ್‌ಎಫ್‌ಸಿ 7807 ಎಂಬ ಮಾನಕ ತಂದಿತು. 2023ರಲ್ಲಿ ಅದನ್ನು ತಿದ್ದಿ 9457 ಮಾಡಿತು. ಸರ್ವರ್ ‘ಇಲ್ಲ’ ಎನ್ನುವಾಗ ದೋಷದ ಬಗೆ, ತಲೆಬರಹ, ಸ್ಥಿತಿಸಂಖ್ಯೆ, ಬಿಡಿಸಿ ಹೇಳುವ ಸಾಲು, ಈ ನಿರ್ದಿಷ್ಟ ಘಟನೆಯ ಗುರುತು ಎಂಬ ಐದು ಸಂಗತಿಗಳನ್ನು ಹೀಗೆ ಜೋಡಿಸಿ ಕಳಿಸಬಹುದು ಎನ್ನುತ್ತದೆ ಅದು. ಕೊನೆಯದು, ಅಂದರೆ ಘಟನೆಯ ಗುರುತು, ನಮಗೆ ಮುಂದೆ ಬೇಕಾಗುತ್ತದೆ.

ಇಷ್ಟೆಲ್ಲ ಇದ್ದೂ ಮಾತು ಕಳೆದುಹೋಗುವುದು ಎಲ್ಲಿ? ಬ್ರೌಸರಿನಿಂದ ಸರ್ವರಿಗೆ ಮಾತಾಡಲು ಪ್ರೋಗ್ರಾಮರುಗಳು ‘ಫೆಚ್’ ಎಂಬ ಸೌಲಭ್ಯ ಬಳಸುತ್ತಾರೆ. ಅದಕ್ಕೊಂದು ವಿಚಿತ್ರ ಗುಣ. ನೆಟ್‌ವರ್ಕ್ ಕಡಿದುಹೋದರೆ ಮಾತ್ರ ‘ಸೋತೆ’ ಎನ್ನುತ್ತದೆ. ಸರ್ವರ್ 422 ಹೇಳಲಿ, 500 ಹೇಳಲಿ, ಉತ್ತರ ಬಂತಲ್ಲ ಎಂದು ಅದು ಗೆದ್ದ ಲೆಕ್ಕದಲ್ಲೇ ಇರುತ್ತದೆ. ಬಂದ ಉತ್ತರ ಸರಿಯೋ ಅಲ್ಲವೋ ಎಂದು ಪ್ರೋಗ್ರಾಮರೇ ಒಂದು ಸಾಲು ಬರೆದು ಪರೀಕ್ಷಿಸಬೇಕು. ಆ ಸಾಲು ಬಿಟ್ಟುಹೋದರೆ ಎರಡರಲ್ಲೊಂದು ಆಗುತ್ತದೆ: ‘ಯಶಸ್ವಿಯಾಗಿ ಸಲ್ಲಿಕೆಯಾಗಿದೆ’ ಎಂಬ ಸುಳ್ಳು ಬರುತ್ತದೆ, ಇಲ್ಲವೇ ತಿರುಗುವ ಚಕ್ರ ತಿರುಗುತ್ತಲೇ ಇರುತ್ತದೆ. ಆ ಸಾಲು ಬರೆದವರಲ್ಲೂ ಅನೇಕರು ಉತ್ತರದ ಒಳಗಿನ ವಿವರ ಓದುವ ಗೋಜಿಗೆ ಹೋಗದೆ, ಎಲ್ಲಕ್ಕೂ ಒಂದೇ ಕೆಂಪು ಪಟ್ಟಿ ತೋರಿಸಿ ಕೈತೊಳೆದುಕೊಳ್ಳುತ್ತಾರೆ. ಇದನ್ನು ಸೋಮಾರಿತನ ಎನ್ನದೆ ಬೇರೆ ಏನೆನ್ನಲಿ?

ವಾಡೆಯ ಗೋಡೆ

ಈಗ ಪುಟದ ಬಿಡಿಭಾಗಗಳ ವಿಷಯ. ಮೊಬೈಲ್ ನಂಬರ್ ಬರೆಯುವ ಖಾನೆ, ಜಿಲ್ಲೆ–ತಾಲ್ಲೂಕು ಆರಿಸುವ ಪಟ್ಟಿ, ದಿನಾಂಕ ಒತ್ತುವ ಕ್ಯಾಲೆಂಡರ್ ಇವನ್ನೆಲ್ಲ ಒಂದು ಸಲ ಕಟ್ಟಿಟ್ಟು ಬೇಕಾದ ಪುಟದಲ್ಲಿ ಕೂರಿಸುವ ‘ವೆಬ್ ಕಾಂಪೊನೆಂಟ್’ ಎಂಬ ಪದ್ಧತಿ ಬಂದಿದೆ. ಗೂಗಲ್‌ನಲ್ಲಿದ್ದ ಅಲೆಕ್ಸ್ ರಸೆಲ್ 2011ರಲ್ಲಿ ಇದರ ಕಲ್ಪನೆ ಮುಂದಿಟ್ಟರು. ಫೈರ್‌ಫಾಕ್ಸ್ 2018ರಲ್ಲಿ, ಮೈಕ್ರೊಸಾಫ್ಟ್ ಎಡ್ಜ್ 2020ರಲ್ಲಿ ಸೇರಿಕೊಂಡ ಮೇಲೆ ದೊಡ್ಡ ಬ್ರೌಸರುಗಳೆಲ್ಲ ಇದನ್ನು ಒಪ್ಪಿದಂತಾಯಿತು. ನೂರಾರು ಸೇವೆಗಳ ಅರ್ಜಿಗಳನ್ನು ಒಂದೇ ಕಡೆ ಇಡುವ ಸೇವಾ ಸಿಂಧುವಿನಂಥ ಜಾಲತಾಣಗಳಿಗೆ ಇಂಥ ಪದ್ಧತಿ ಹೇಳಿ ಮಾಡಿಸಿದ್ದು: ಖಾನೆಯನ್ನು ಒಂದು ಸಲ ಸರಿಯಾಗಿ ಕಟ್ಟಿದರೆ ಎಲ್ಲ ಅರ್ಜಿಯಲ್ಲೂ ಸರಿ. ತಪ್ಪಾಗಿ ಕಟ್ಟಿದರೆ ಎಲ್ಲ ಅರ್ಜಿಯಲ್ಲೂ ತಪ್ಪು, ಅದೂ ನಿಜ.

ಈ ಬಿಡಿಭಾಗಕ್ಕೆ ‘ಶ್ಯಾಡೋ ಡಾಮ್’ ಎಂಬ ಆವರಣ ಇರುತ್ತದೆ. ಅದು ನಮ್ಮ ಕಡೆಯ ಹಳೆಯ ವಾಡೆ ಇದ್ದ ಹಾಗೆ. ಒಳಗಿನದು ಒಳಗೆ, ಹೊರಗಿನದು ಹೊರಗೆ, ನಡುವೆ ಅಗಸಿಯೊಂದೇ ದಾರಿ. ಹೊರಗಿನ ಬಣ್ಣ, ಅಲಂಕಾರ ಒಳಗೆ ನುಗ್ಗಿ ಕೆಡಿಸದಂತೆ ಕಾಯುವುದು ಅದರ ಕೆಲಸ. ಆದರೆ ಸರ್ವರಿನ ಮಾತು ಬಂದು ಸೇರುವುದು ಸಾಮಾನ್ಯವಾಗಿ ಹೊರಗಿನ ಫಾರ್ಮಿಗೆ. ಕಾಣಿಸಬೇಕಾದದ್ದು ಒಳಗಿನ ಖಾನೆಯ ಪಕ್ಕದಲ್ಲಿ. ಅಗಸಿ ಬಾಗಿಲು ಇಡುವುದನ್ನೇ ಮರೆತರೆ ಹೊರಗಿನ ಮಾತು ಒಳಗೆ ಹೋಗುವುದೇ ಇಲ್ಲ.

ಒಂದು ಅರ್ಜಿಯನ್ನು ಹತ್ತಿರದಿಂದ ನೋಡೋಣ. ಪಹಣಿ ನೋಡಲು ಭೂಮಿ ತಂತ್ರಾಂಶ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನಾಕ್, ಹಿಸ್ಸಾ ಕೇಳುತ್ತದೆ. ಇದೇ ವಿವರ ಕೇಳುವ ಯಾವುದೋ ಸಾಲದ ಅರ್ಜಿಯಲ್ಲಿ ರಾವೂರಿನ ರೈತ ಹಿಸ್ಸಾ 2 ಇರುವ ಕಡೆ 3 ಎಂದು ಬರೆದ ಎಂದುಕೊಳ್ಳಿ. 3 ಅಂಕಿಯೇ, ಹಾಗಾಗಿ ಬ್ರೌಸರಿಗೆ ತಕರಾರಿಲ್ಲ. ಅದು ಇಲ್ಲದ ಹಿಸ್ಸಾ ಎಂದು ಗೊತ್ತಿರುವುದು ಸರ್ವರಿಗೆ ಮಾತ್ರ. ಅದು 422 ಜೊತೆ ‘ಹಿಸ್ಸಾ ಖಾನೆ, ದಾಖಲೆಯಲ್ಲಿಲ್ಲ’ ಎಂದು ತಿರುಗಿ ಹೇಳುತ್ತದೆ. ಒಳ್ಳೆಯ ಪುಟವಾದರೆ ಆ ಮಾತನ್ನು ಹಿಸ್ಸಾ ಖಾನೆಗೇ ಒಯ್ದು ಮುಟ್ಟಿಸುತ್ತದೆ. ಇದಕ್ಕೆಂದೇ ‘ಎಲಿಮೆಂಟ್ ಇಂಟರ್ನಲ್ಸ್’ ಎಂಬ ಸೌಲಭ್ಯವಿದೆ. ಅದರ ‘ಸೆಟ್ ವ್ಯಾಲಿಡಿಟಿ’ಗೆ ದೋಷ ಇಂಥದ್ದು, ಮಾತು ಇಂಥದ್ದು, ತೋರಿಸಬೇಕಾದ ಜಾಗ ಇಂಥದ್ದು ಎಂದು ಹೇಳಿದರೆ, ಕೈಯಿಂದ ಕಟ್ಟಿದ ಖಾನೆಯೂ ಬ್ರೌಸರಿನ ಸ್ವಂತ ಖಾನೆಯಂತೆ ಫಾರ್ಮನ್ನು ತಡೆದು ನಿಲ್ಲಿಸುತ್ತದೆ. 2023ರ ಮಾರ್ಚ್‌ನಲ್ಲಿ ಆ್ಯಪಲ್‌ನ ಸಫಾರಿಗೂ ಇದು ಬಂದ ಮೇಲೆ, ಇದನ್ನು ಬಳಸದಿರಲು ನೆಪ ಉಳಿದಿಲ್ಲ.

ಇಲ್ಲೊಂದು ಹಳ್ಳವಿದೆ, ಅನೇಕರು ಬೀಳುವ ಹಳ್ಳ. ಸರ್ವರ್ ಹೇಳಿದ ದೋಷವನ್ನು ಖಾನೆಯ ಮೇಲೆ ಹೊರಿಸಿದ ಮೇಲೆ ಅದನ್ನು ಇಳಿಸುವವರು ಯಾರು? ‘ಹತ್ತು ಅಂಕಿ ಇಲ್ಲ’ ಎಂಬಂಥ ದೋಷವಾದರೆ ಹತ್ತನೇ ಅಂಕಿ ಬಿದ್ದ ಕೂಡಲೇ ಬ್ರೌಸರ್ ತಾನೇ ಇಳಿಸುತ್ತದೆ. ಸರ್ವರ್ ಕಡೆಯ ದೋಷ ಹಾಗಲ್ಲ. ಪ್ರೋಗ್ರಾಮರ್ ಖಾಲಿ ಮಾಡುವವರೆಗೂ ಅದು ಅಲ್ಲೇ ಕೂತಿರುತ್ತದೆ. ರೈತ 3 ಅಳಿಸಿ 2 ಬರೆಯುತ್ತಾನೆ, ‘ಸಲ್ಲಿಸು’ ಒತ್ತುತ್ತಾನೆ, ಫಾರ್ಮು ಜಪ್ಪಯ್ಯ ಎನ್ನುವುದಿಲ್ಲ. ಈಗ ಬರೆದದ್ದು ಸರಿಯಿದೆ ಎಂದು ಸರ್ವರಿಗೆ ತಿಳಿಯಬೇಕಾದರೆ ಫಾರ್ಮು ಹೊರಡಬೇಕು. ಹೊರಡಲು ಹಳೆಯ ದೋಷ ಬಿಡುವುದಿಲ್ಲ. ಕೊನೆಗೆ ಪುಟವನ್ನೇ ರಿಫ್ರೆಶ್ ಮಾಡಿ ಏಳೂ ಖಾನೆ ಮತ್ತೆ ತುಂಬಬೇಕು. ಖಾನೆಯಲ್ಲಿ ಒಂದಕ್ಷರ ಬದಲಾದರೂ ಸರ್ವರಿನ ಹಳೆಯ ದೂರನ್ನು ತೆಗೆದುಹಾಕಿ ಎಂಬ ಒಂದು ಸಾಲು ಬರೆದಿದ್ದರೆ ಈ ಗೋಳು ಇರುತ್ತಿರಲಿಲ್ಲ.

ಕಣ್ಣು ಕಾಣದವರಿಗೆ ಈ ವಾಡೆಯ ಗೋಡೆ ಇನ್ನೂ ದಪ್ಪ. ಸ್ಕ್ರೀನ್ ರೀಡರ್ ತಂತ್ರಾಂಶ ಖಾನೆಯನ್ನೂ ದೋಷದ ಸಾಲನ್ನೂ ಒಂದು ಗುರುತಿನಿಂದ ಜೋಡಿಸಿಕೊಂಡು ಓದುತ್ತದೆ. ಸಾಲು ಗೋಡೆಯ ಹೊರಗೆ, ಖಾನೆ ಒಳಗೆ ಇದ್ದರೆ ಆ ಗುರುತು ದಾಟುವುದಿಲ್ಲ. ದೋಷದ ಸಾಲು ಖಾನೆಯ ಜೊತೆಗೇ ಒಳಗಿರಬೇಕು. ಬಂದ ಕೂಡಲೇ ಗಟ್ಟಿಯಾಗಿ ಓದಿಸುವ ಜಾಗವೊಂದು ಪುಟದಲ್ಲಿ ಮೊದಲಿನಿಂದಲೇ ಖಾಲಿಯಾಗಿ ಕಾದಿರಬೇಕು. ತಪ್ಪು ಯಾವ ಖಾನೆಯಲ್ಲಿದೆ, ಏನು ತಪ್ಪು ಎಂದು ಅಕ್ಷರದಲ್ಲಿ ಹೇಳಬೇಕೆಂಬುದು ಡಬ್ಲ್ಯುಸಿಎಜಿ ಎಂಬ ಜಾಗತಿಕ ಮಾನಕದ 3.3.1ನೇ ನಿಯಮ, ಅದೂ ಅತಿ ಕೆಳಗಿನ ಹಂತದ್ದು. ಖಾನೆಗೆ ಕೆಂಪು ಗೆರೆ ಎಳೆದು ಬಿಟ್ಟರೆ ಆ ಕೆಳಗಿನ ಹಂತವನ್ನೂ ಮುಟ್ಟಿದ ಹಾಗಾಗುವುದಿಲ್ಲ.

ಏನು ಹೇಳಬೇಕು, ಏನು ಹೇಳಬಾರದು

ಸರ್ವರ್ ಹೇಳಿದ್ದನ್ನೆಲ್ಲ ಹಾಗೇ ತೋರಿಸಿ ಎನ್ನುತ್ತಿಲ್ಲ. ಒಳಗೆ ಮುರಿದಾಗ ಸರ್ವರ್ ಉಗುಳುವ ಸಾಲುಗಳಲ್ಲಿ ಡೇಟಾಬೇಸಿನ ಹೆಸರು, ಕಡತದ ದಾರಿ, ತಂತ್ರಾಂಶದ ಆವೃತ್ತಿ ಎಲ್ಲ ಇರುತ್ತವೆ. ಅದು ಕಳ್ಳನಿಗೆ ಮನೆಯ ನಕ್ಷೆ. ಲಾಗಿನ್ ಆಗುವಲ್ಲಿ ‘ಹೆಸರು ಅಥವಾ ಪಾಸ್‌ವರ್ಡ್ ತಪ್ಪು’ ಎಂದು ಬೇಕೆಂದೇ ಮಬ್ಬಾಗಿ ಹೇಳುವುದೂ ಇದಕ್ಕೇ. ಇಂಥ ಹೆಸರಿನವರು ಇಲ್ಲಿದ್ದಾರೆ ಎಂಬ ಸುಳಿವನ್ನೂ ಕೊಡಬಾರದು. ಅಂಥ ಕಡೆ ಬಿಟ್ಟರೆ ಬೇರೆಲ್ಲ ಕಡೆ ಮಬ್ಬು ಮಾತಿಗೆ ಕ್ಷಮೆಯಿಲ್ಲ.

ಇನ್ನು ಕನ್ನಡ. ಸರ್ವರ್ ಕಳಿಸುವ ಇಂಗ್ಲಿಷ್ ವಾಕ್ಯವನ್ನು ಗೂಗಲ್‌ಗೆ ಹಾಕಿ ಕನ್ನಡ ಮಾಡಿದರೆ ‘ಅಮಾನ್ಯ ಒಳಸೇರಿಕೆ’ ಎಂಬಂಥ ಪ್ರಾಣಿ ಹುಟ್ಟುತ್ತದೆ. ಸರ್ವರ್ ಕೋಡು ಕಳಿಸಲಿ. ಆ ಕೋಡಿಗೆ ತಕ್ಕ ಮಾತನ್ನು ಕನ್ನಡ ಬಲ್ಲವರು ಮೊದಲೇ ಬರೆದು ಪುಟದಲ್ಲಿ ಇಟ್ಟಿರಲಿ. “ಈ ಸರ್ವೆ ನಂಬರಿನಲ್ಲಿ 3 ಎಂಬ ಹಿಸ್ಸಾ ಇಲ್ಲ. ಪಹಣಿ ನೋಡಿ ತಿದ್ದಿ. ಉಳಿದ ವಿವರ ಹಾಗೇ ಇದೆ.” ಇಷ್ಟು ಬರೆಯಲು ಎಷ್ಟು ಹೊತ್ತು ಬೇಕು?

ಎಲ್ಲಕ್ಕಿಂತ ಕಷ್ಟದ್ದು 504. ನಡುವಿನ ಸರ್ವರ್ ಹಿಂದಿನ ಸರ್ವರಿಗಾಗಿ ಕಾದು ಕಾದು ಸಾಕಾಗಿ ಕೈಬಿಟ್ಟ ಸ್ಥಿತಿ ಅದು. ಅರ್ಜಿ ಸೇರಿತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಫೀಸು ಕಟ್ಟುವಾಗ ಹೀಗಾದರೆ ಮತ್ತೆ ಒತ್ತಲು ಭಯ, ಬಿಡಲೂ ಭಯ. ಪ್ರತಿ ಅರ್ಜಿಗೂ ಒತ್ತುವ ಮೊದಲೇ ಒಂದು ಗುರುತು ಅಂಟಿಸಿ, ಅದೇ ಗುರುತು ಎರಡನೇ ಸಲ ಬಂದರೆ ಹೊಸದಾಗಿ ಲೆಕ್ಕ ಹಿಡಿಯದೆ ಹಳೆಯ ಉತ್ತರವನ್ನೇ ಕೊಡುವ ಉಪಾಯವನ್ನು ಹಣದ ವಹಿವಾಟಿನ ಸೇವೆಗಳು ಬಹುದಿನದಿಂದ ಬಳಸುತ್ತಿವೆ. ಆಗ ಪುಟ ಧೈರ್ಯವಾಗಿ ಹೇಳಬಹುದು: “ಉತ್ತರ ಬರಲಿಲ್ಲ. ಮತ್ತೆ ಒತ್ತಿ, ಎರಡು ಸಲ ಹಣ ಹೋಗುವುದಿಲ್ಲ.”

ಕಾರಣ ಹೇಳದಿದ್ದರೆ ಜನ ತಾವೇ ಕಾರಣ ಹುಟ್ಟಿಸುತ್ತಾರೆ. 2023ರ ಜೂನ್ 18ರಂದು ಗೃಹಜ್ಯೋತಿ ನೋಂದಣಿ ಶುರುವಾದಾಗ ಸೇವಾ ಸಿಂಧು ಮೇಲೆ ಒತ್ತಡ ಬಿದ್ದು ಪುಟಗಳು ನಿಂತವು. ಸರ್ವರ್ ಹ್ಯಾಕ್ ಆಗಿದೆ ಎಂಬ ಮಾತು ಆಗ ಸಚಿವರೊಬ್ಬರ ಬಾಯಲ್ಲೇ ಬಂತು. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ಕೈಕೊಟ್ಟಾಗ ಮಾತ್ರ ಅದು ನಿಜವಾಗಿಯೂ ಹೊರಗಿನ ದಾಳಿ, ಸುಳ್ಳು ಕೋರಿಕೆಗಳ ಸುರಿಮಳೆ. ಎರಡೂ ಸಲ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲೋ ಗ್ರಾಮ ಒನ್‌ನಲ್ಲೋ ಕಾದವರಿಗೆ ಸಿಕ್ಕ ಉತ್ತರ ಒಂದೇ: ಸರ್ವರ್ ಇಲ್ಲ.

ನಂಬರ್ ಕೊಡಿ

ಈ ವಿಷಯದಲ್ಲಿ ಕರ್ನಾಟಕ ದಾರಿ ತಿಳಿಯದ ರಾಜ್ಯವಲ್ಲ. 2011ರ ಸಕಾಲ ಕಾಯ್ದೆ 2012ರಿಂದ ಜಾರಿಯಲ್ಲಿದೆ. ಅರ್ಜಿ ಸ್ವೀಕೃತವಾದ ಕೂಡಲೇ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಕೈಗೆ ಬರುತ್ತದೆ, ಗಡಿಯಾರ ಓಡಲು ಶುರುವಾಗುತ್ತದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಆದರೆ ಬೆರಳು ತಾಳೆಯಾಗದೆ, ಪುಟ ಕೆಟ್ಟು, ಸರ್ವರ್ 504 ಎಂದು ಅರ್ಜಿಯೇ ಒಳಗೆ ಹೋಗದಿದ್ದರೆ ಸಂಖ್ಯೆಯಿಲ್ಲ. ಸಂಖ್ಯೆಯಿಲ್ಲ ಎಂದಮೇಲೆ ಗಡಿಯಾರವಿಲ್ಲ. ಸರಕಾರದ ಲೆಕ್ಕದಲ್ಲಿ ಆ ಹೆಂಗಸು ಅಂದು ಬಂದೇ ಇಲ್ಲ. ನಾಲ್ಕು ಸಲ ಬಂದು ಹೊಳ್ಳಿ ಹೋದರೂ ಕಡತದಲ್ಲಿ ಒಂದು ಗೆರೆಯೂ ಮೂಡುವುದಿಲ್ಲ. ‘ಸರ್ವರ್ ಇಲ್ಲ’ ಎಂಬುದು ಸಕಾಲದ ಹೊರಗೆ ಉಳಿದ ದೊಡ್ಡ ಸಂದು ಎಂಬುದು ನನ್ನ ಅನಿಸಿಕೆ.

ಆರ್‌ಎಫ್‌ಸಿ 9457ರಲ್ಲಿ ಘಟನೆಯ ಗುರುತು ಎಂಬ ಐದನೆಯ ಅಂಶ ಇರುವುದು ಇಂಥದ್ದಕ್ಕೇ. ಆಗದಿದ್ದಾಗಲೂ ಒಂದು ಸಂಖ್ಯೆ ಪರದೆಯ ಮೇಲೆ ಬರಲಿ, ಬಂದವರ ಮೊಬೈಲಿಗೂ ಎಸ್‌ಎಂಎಸ್ ಆಗಲಿ: ಇಂಥ ದಿನ, ಇಂಥ ಹೊತ್ತು, ಇಂಥ ಕಾರಣಕ್ಕೆ ಆಗಲಿಲ್ಲ. ಸಕಾಲದ ಗಡಿಯಾರ ಅಲ್ಲಿಂದಲೇ ಓಡಲಿ. ಇದಕ್ಕೆ ಹೊಸ ತಂತ್ರಜ್ಞಾನ ಬೇಡ, ಕೋಟಿಗಟ್ಟಲೆ ಟೆಂಡರ್ ಬೇಡ. ಈ ಸೀಮೆಯವರು ಇದನ್ನು ಕೇಳಲು ಬಹಳ ದೂರ ಹೋಗಬೇಕಾಗಿಯೂ ಇಲ್ಲ. 2023ರಿಂದ ರಾಜ್ಯದ ಐಟಿ–ಬಿಟಿ ಖಾತೆಯನ್ನೂ ಗ್ರಾಮೀಣಾಭಿವೃದ್ಧಿ ಖಾತೆಯನ್ನೂ ನೋಡಿಕೊಳ್ಳುತ್ತಿರುವವರು ಚಿತ್ತಾಪುರದ ಶಾಸಕರಾದ ಪ್ರಿಯಾಂಕ್ ಖರ್ಗೆ ಅವರೇ.

ಅದು ಆಗುವವರೆಗೆ ಓದುಗರು ಇಷ್ಟು ಮಾಡಬಹುದು. ಮುಂದಿನ ಸಲ ‘ಸರ್ವರ್ ಇಲ್ರಿ’ ಎಂದರೆ, ಪರದೆ ಮೇಲೆ ಏನು ಬಂದಿದೆ ತೋರಿಸಿ ಎಂದು ಕೇಳಿ. ಸಂಖ್ಯೆ ಇದ್ದರೆ ಬರೆದುಕೊಳ್ಳಿ, ಇಲ್ಲದಿದ್ದರೆ ಫೋಟೊ ತೆಗೆದುಕೊಳ್ಳಿ. ಆಧಾರ್ ದೃಢೀಕರಣವಾದರೆ ಯುಐಡಿಎಐ ಜಾಲತಾಣದಲ್ಲಿ ಕಳೆದ ಆರು ತಿಂಗಳ ನಿಮ್ಮ ದೃಢೀಕರಣದ ಇತಿಹಾಸ ಸಿಗುತ್ತದೆ; ಯಾವತ್ತು ಆಯಿತು, ಯಾವತ್ತು ಆಗಲಿಲ್ಲ, ಆಗದಿದ್ದಕ್ಕೆ ಯಾವ ಕೋಡು ಎಂಬುದು ಅದರಲ್ಲಿರುತ್ತದೆ. ಫೋನು ಮಾಡಿ ಕೇಳುವುದಾದರೆ ಅವರ ಸಹಾಯವಾಣಿ 1947.